ಒಂದೂ ಮತ ಬೀಳದ ಕ್ಷೇತ್ರ

ತೇಲೂರು
ಕ್ರಿ.ಶ. ೨೨೪೧, ಫೆಬ್ರವರಿ ಮೂವತ್ತು

ಹಿಂದಣ ಕಾಲದ ಹಿರಿಯರಿಗೆ ವಂದನೆಗಳು.

ಈ ತೇದಿ ನಿಮ್ಮಲ್ಲಿಲ್ಲ. ತಿಂಗಳುಗಳ ದಿನಗಳನ್ನು ಸರಿಸಮ ಮಾಡಿದ ಬಳಿಕ ನಮಗೆ ದೊರೆತದ್ದು. ನನ್ನ ಮಾತುಗಳಲ್ಲಿಯೂ ನಿಮಗೆ ಪರಿಚಯವಿಲ್ಲದವು ಇದ್ದಾವು, ಮನ್ನಿಸಬೇಕು. ತೇಲೂರೆಂದರೆ ಪೀಪಾಯಿಗಳ ಮೇಲೆ ಕಟ್ಟಿ, ಸರಪಳಿಗಳಿಂದ ಕಡಲತಳಕ್ಕೆ ಬಿಗಿದ ಊರು. ಇಲ್ಲಿ ಬಸಳೆಯನ್ನು ಬುಟ್ಟಿಯಲ್ಲಿ ಬೆಳೆಯುತ್ತೇವೆ. ಮಂಜನ್ನು ಬಲೆಯಲ್ಲಿ ಹಿಡಿದು ಕುಡಿಯುತ್ತೇವೆ. ಇಳಿತದ ವೇಳೆ ಕೆಳಗೆ ನಮ್ಮ ಹಳೆಯ ಊರು ಒಡ್ಡಿನಕೇರಿಯ ಶಾಲೆಯ ಹಂಚು ಕಾಣುತ್ತದೆ. ಅದೇನೆಂದು ಮಕ್ಕಳು ಕೇಳಿದರೆ ನಾನು ಬೇರೆಡೆ ನೋಡುತ್ತೇನೆ.

ಕಡಲಂಚಿನ ಊರುಗಳಿಗೆಂದು ಮಾಡಿದ ವಿಶೇಷ ಕಾಯಿದೆಯಿಂದ ಒಡ್ಡಿನಕೇರಿ ಲೋಕಸಭಾ ಕ್ಷೇತ್ರ ಹುಟ್ಟಿತು. ಅದರ ಆಯುಸ್ಸು ಎರಡೇ ಚುನಾವಣೆ. ನಮ್ಮವರಲ್ಲಿ ‘ಒಮ್ಮಾತು’ ಎಂಬ ಪದ್ಧತಿಯಿತ್ತು: ಹಿರಿಯರು ದೋಣಿ ಕಟ್ಟುವ ದಕ್ಕೆಯ ಮೇಲೆ ಕುಳಿತು ಒಬ್ಬನನ್ನು ಹೆಸರಿಸಿದರೆ ಅವನೆದುರು ಬೇರಾರೂ ನಿಲ್ಲರು, ನಿಲ್ಲುವುದು ಅವನ ಮನೆಯ ಅನ್ನವನ್ನು ಹಳಿದಂತೆ. ಹೀಗೆ ನನ್ನ ಮುತ್ತಜ್ಜ ಗಣಪು ಅಂಬಿಗರು ಮೊದಲ ಸಲ ಅವಿರೋಧವಾಗಿ ಆಯ್ಕೆಯಾದರು. ಊರೆಲ್ಲ ಪಾಯಸ ಉಂಡಿತು.

ಎರಡನೆಯ ಚುನಾವಣೆಗೆ ಮುನ್ನ ಹೊಸ ನಿಯಮ ಬಂದಿತು. ಈ ಬಾರಿ ಬಿದ್ದ ಮತಗಳನ್ನು ಎಣಿಸಿಯೇ ಯಾವ ಕ್ಷೇತ್ರವನ್ನು ಉಳಿಸಬೇಕೆಂದು ನಿರ್ಧರಿಸುವರು. ಕಡಲಗೋಡೆ ಕಟ್ಟುವುದು ಉಳಿದ ಕ್ಷೇತ್ರಗಳಿಗೆ ಮಾತ್ರ. ಅದು ಜಗಳಗಂಟರಿಗಾಗಿ ಮಾಡಿದ ನಿಯಮವೆಂದು ಹಿರಿಯರು ನಕ್ಕರು. ನಮ್ಮ ಒಗ್ಗಟ್ಟನ್ನು ಕಂಡು ದಿಲ್ಲಿ ತಲೆದೂಗುವುದೆಂದು ನಂಬಿದರು. ಗಣಪುವಿನ ಒಡಹುಟ್ಟಿದ ತಂಗಿ ಬೀರಮ್ಮ ಮಾತ್ರ ಅಣ್ಣನೆದುರು ನಾಮಪತ್ರ ಸಲ್ಲಿಸಿದಳು.

“ಎಂತ, ಹುಚ್ಚೆ ನಿಂಗೆ? ಅಣ್ಣನ ಎದುರಿಗೇ ಗೆಲ್ಲೂಕೆ ಹೊರಟ್ಯಾ?” ಎಂದರು ಹಿರಿಯರು.

“ಗೆಲ್ಲೂಕಲ್ಲ ಮಾರಾಯ್ರೆ, ಸೋಲೂಕೆ. ನಮ್ಮನ್ನ ಒಂದ್ ಸಲ ಎಣಿಸ್ಲಿ.”

“ಹಂಗಾರೆ ಇನ್ಮೇಲೆ ತವರಿನ ಮೆಟ್ಲು ಹತ್ಬೇಡ,” ಎಂದರು ಗಣಪು.

ಅವಳು ನಾಮಪತ್ರವನ್ನು ಹಿಂತೆಗೆದುಕೊಂಡಳು. ಊರು ಮತ್ತೆ ಪಾಯಸ ಉಂಡಿತು. ಎದುರಾಳಿಯಿಲ್ಲದ್ದರಿಂದ ಮತದಾನವೇ ನಡೆಯಲಿಲ್ಲ, ಎಣಿಸುವವರಿಗೆ ನಮ್ಮಲ್ಲಿ ಒಂದು ಮತವೂ ಸಿಗಲಿಲ್ಲ. ಕ್ಷೇತ್ರವನ್ನು ಘಟ್ಟದ ಮೇಲಿನದರೊಡನೆ ಕೂಡಿಸಿದರು. ಗೋಡೆ ನೆರೆಯ ಕ್ಷೇತ್ರದ ಗಡಿಯಲ್ಲಿ ನಿಂತಿತು, ಕಡಲು ನಿಲ್ಲಲಿಲ್ಲ.

ಮುತ್ತಜ್ಜನ ಪಟ ನಮ್ಮ ಮನೆಯಲ್ಲಿ ಇನ್ನೂ ಇದೆ. ಕೆಳಗೆ ‘ಎರಡು ಬಾರಿ ಅವಿರೋಧ’ ಎಂಬ ಬರಹವಿದೆ. ಅತಿಥಿಗಳು ಬಂದರೆ ಅದರ ಮೇಲೆ ಬಟ್ಟೆ ಇಳಿಬಿಡುತ್ತೇನೆ.

ಒಡ್ಡಿನಕೇರಿ ಇನ್ನೂ ನೆಲದ ಮೇಲಿರುವ ಕಾಲದವರು ನೀವು. ನಿಮ್ಮಲ್ಲಿ ನನ್ನದೊಂದೇ ಬಿನ್ನಹ: ಎಲ್ಲರೂ ಒಂದೇ ಹೆಸರಿಗೆ ತಲೆಯಾಡಿಸುವ ದಿನ, ಒಬ್ಬರಾದರೂ ಸೋಲುವುದಕ್ಕೆಂದು ನಿಲ್ಲಿರಿ. ಹಾಗೆ ನಿಂತವಳನ್ನು ಮನೆಯೊಳಗೆ ಕರೆದು, ಪಾಯಸವನ್ನು ಮೊದಲು ಅವಳಿಗೆ ಬಡಿಸಿರಿ.