ಸೇತುವೆ ಇನ್ನೂ ಮುರಿದಿಲ್ಲ

ಮನೆಯಿಂದ,
ಮೇ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಪಾಳಿ ಮುಗಿಸಿ ಬಂದವಳು ಸರಿಯಾಗಿ ಊಟ ಮಾಡಿ ಮಲಗುತ್ತೀಯೋ, ಇಲ್ಲ ಬಿಸ್ಕತ್ತು ಕಚ್ಚಿಕೊಂಡೇ ನಿದ್ದೆ ಹೋಗುತ್ತೀಯೋ? ನೀನು ಫೋನಿನಲ್ಲಿ "ಊಟ ಆಯ್ತು" ಅನ್ನುವ ದನಿ ನನಗೆ ಗೊತ್ತು. ಆಗದೇ ಇದ್ದ ದಿನ ಅದು ಸ್ವಲ್ಪ ಜೋರಾಗಿರುತ್ತದೆ. ನಾವೆಲ್ಲ ಕ್ಷೇಮ. ನಿಮ್ಮಮ್ಮನ ಮಂಡಿ ಅವರ ನಾಲಿಗೆಯಷ್ಟು ಚುರುಕಾಗಿಲ್ಲ, ಆದರೂ ಬೇಡ ಬೇಡ ಅಂದರೂ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ನನ್ನ ಅಂಗಡಿ ನಡೆಯುತ್ತಿದೆ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟೆನಲ್ಲ, ಮಾತಾಡುವಾಗ ಸಿಳ್ಳೆ ಬರುತ್ತದೆ ಅಂತ ಮತ್ತೆ ಬಂದಿದ್ದರು. ಉಜ್ಜಿ ಸರಿ ಮಾಡಿಕೊಟ್ಟೆ. ಈಗ ಸಿಳ್ಳೆ ಬರುತ್ತಿಲ್ಲ, ಆದರೆ ಮೊಮ್ಮಕ್ಕಳಿಗೆ ಬೇಜಾರಾಗಿದೆಯಂತೆ.

ದಿನಾ ಫೋನಿನಲ್ಲಿ ಮಾತಾಡುವವನು ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದ ಅಂತ ಹುಬ್ಬೇರಿಸಬೇಡ. ನಿಮ್ಮ ಕಾರ್ಖಾನೆಯ ಫಿಟ್ಟರ್ ರಜೆ ಮುಗಿಸಿ ಇವತ್ತು ಹೊರಡುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ಫೋನಿನಲ್ಲಾದರೆ ನಿನ್ನ ಮಗಳು ಮೊಳೆ ನನ್ನ ತೋಳಿಗೆ ಅಂಟಿಕೊಂಡೇ ನಿಂತಿರುತ್ತಾಳೆ, ನಾನು ಆಡುವ ಪ್ರತಿ ಮಾತಿಗೂ ಅವಳ ಪರೀಕ್ಷೆ ಆಗಬೇಕು. ನಿನ್ನ ಹಾಗೇ. ಈಗ ಅಜ್ಜಿಯ ಜೊತೆ ಲೈಬ್ರರಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ ಇದ್ದೇನೆ. ಅವಳು ಬರುವುದರೊಳಗೆ ಮುಗಿಸಬೇಕು.

ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗದವರು ಶಾಲೆಯ ಮಕ್ಕಳಿಗೆ ನಡೆಸುವ ರಜಾ ಶಿಬಿರಕ್ಕೆ ಅವಳನ್ನು ಸೇರಿಸಿದ್ದು ನಿನಗೆ ಗೊತ್ತೇ ಇದೆ. ಅಲ್ಲಿ ಹೇಗಿತ್ತು ಅನ್ನುವುದನ್ನು ನಾನು ಸರಿಯಾಗಿ ಹೇಳಿರಲಿಲ್ಲ. ತಗಡಿನ ಸೂರಿನ ಉದ್ದನೆಯ ವರ್ಕ್‌ಶಾಪು, ಒಳಗೆ ಕಾಲಿಟ್ಟರೆ ಗ್ರೀಸಿನ ವಾಸನೆ, ಯಂತ್ರ ಓಡುವಾಗ ಯಾರೂ ದಾಟಬಾರದು ಅಂತ ನೆಲದ ಮೇಲೆ ಹಳದಿ ಗೆರೆ. ಹೊರಗಿನ ಗೋಡೆಯ ತುಂಬ ಅಲ್ಲಿನ ವಿದ್ಯಾರ್ಥಿಗಳು ಬಹುಮಾನ ಗೆದ್ದ ಫೋಟೋಗಳು. ಅದರಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಹುಡುಗಿ ಪೆಡಲ್ ತುಳಿದು ನೀರೆತ್ತುವ ಪಂಪಿನ ಪಕ್ಕ ನಿಂತಿದ್ದಾಳೆ, ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಅವಳೇ ನಮ್ಮ ಮೊಳೆಯ ಗುಂಪಿಗೆ ಕಲಿಸಿದವಳು. ಇದೇ ಶಿಬಿರಕ್ಕೆ ಫ್ರಾಕು ಹಾಕಿಕೊಂಡು ಬಂದವಳಂತೆ, ಈಗ ಕೊನೆಯ ವರ್ಷದ ಇಂಜಿನಿಯರಿಂಗ್. ಮೊಳೆಗೆ ಅವಳು ಕನ್ನಡಕದಕ್ಕ. ಮನೆಯಲ್ಲಿ ಊಟಕ್ಕೆ ಕೂತರೂ ಕನ್ನಡಕದಕ್ಕ, ತಲೆ ಬಾಚಿಸಿಕೊಳ್ಳುವಾಗಲೂ ಕನ್ನಡಕದಕ್ಕ. ತನಗೂ ಕಣ್ಣು ಮಂಜಾಗಿದೆ ಅಂತ ಒಂದು ದಿನ ನಾಟಕ ಮಾಡಿ ನೋಡಿದಳು. ನಿಮ್ಮಮ್ಮ ಸೂಜಿಗೆ ದಾರ ಪೋಣಿಸಲು ಕೊಟ್ಟರು, ಒಂದೇ ಸಲಕ್ಕೆ ಪೋಣಿಸಿ ಸಿಕ್ಕಿಬಿದ್ದಳು.

ಮೊದಲ ವಾರ ಅವರು ಏನನ್ನೂ ಕಟ್ಟಿಸಲಿಲ್ಲ. ಹಳೆಯ ಫ್ಯಾನು, ಕೆಟ್ಟ ಗಡಿಯಾರ, ಪಂಪು ಕೊಟ್ಟು ಬಿಚ್ಚಿರಿ, ಮತ್ತೆ ಜೋಡಿಸಿರಿ ಅಂದರು. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತಿದ್ದವು. ಅದಕ್ಕಾಗಿಯೇ ಕಿಟಕಿಯಲ್ಲೊಂದು ಗಾಜಿನ ಭರಣಿ ಇಟ್ಟಿದ್ದರು, ಯಾರನ್ನೂ ಬೈಯಲಿಲ್ಲ. ಎರಡನೆಯ ವಾರ ಸೇತುವೆ. ಐಸ್‌ಕ್ರೀಮ್ ಕಡ್ಡಿ, ಅಂಟು, ಅಷ್ಟೇ. ಎರಡು ಮೇಜಿನ ನಡುವೆ ಸೇತುವೆ ಇಟ್ಟು, ಮಧ್ಯಕ್ಕೊಂದು ಬಕೆಟ್ಟು ತೂಗುಹಾಕಿ, ಕಟ್ಟಿದ ಮಗುವೇ ಮಗ್ಗಿನಿಂದ ಮರಳು ಸುರಿಯಬೇಕು. ಮುರಿಯುವ ತನಕ ಸುರಿಯಬೇಕು. ಆಮೇಲೆ ಎದ್ದು ನಿಂತು, ಮೊದಲು ಎಲ್ಲಿ ಬಿಟ್ಟುಕೊಂಡಿತು, ಯಾಕೆ ಅಂತ ಹೇಳಬೇಕು. ಅಂಕವೆಲ್ಲ ಆ ಮಾತಿಗೇ. ಮುರಿದು ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ ಕಣೇ! ಇದೆಂಥ ಜನ ಅಂದುಕೊಂಡೆ. ನಾನು ಮಾಡಿದ ಒಂದು ಹಲ್ಲು ಅಲ್ಲಾಡಿದರೂ ಜನ ಬಾಗಿಲಿಗೆ ಬಂದು ಬೈಯುತ್ತಾರೆ. ಅಲ್ಲಿನ ಪ್ರೊಫೆಸರ್ ಮೇಡಂ, ತುರುಬಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಹೆಂಗಸು, ನನ್ನ ಮುಖ ನೋಡಿ ನಕ್ಕು, ನಿಂತಿರುವ ಸೇತುವೆ ಮಕ್ಕಳಿಗೆ ಏನೂ ಕಲಿಸುವುದಿಲ್ಲ, ಬಿದ್ದದ್ದು ಕಲಿಸುತ್ತದೆ ಅಂದರು.

ಮೊಳೆಯ ಸೇತುವೆ ನೋಡಬೇಕಿತ್ತು ನೀನು. ಕೆಳಗೆ ಕಮಾನು, ಪಕ್ಕದಲ್ಲಿ ಒತ್ತೊತ್ತಾಗಿ ತ್ರಿಕೋನ. ಕನ್ನಡಕದಕ್ಕ ತನ್ನ ಸಹಪಾಠಿಗಳನ್ನೆಲ್ಲ ಕರೆತಂದು ತೋರಿಸಿದಳಂತೆ. ಚೆನ್ನಾಗಿ ಮಾಡಿದ ಕೆಲವು ಮಕ್ಕಳನ್ನು ವರ್ಷವಿಡೀ ಅದೇ ವರ್ಕ್‌ಶಾಪಿನ ಶನಿವಾರದ ತರಗತಿಗೆ ತೆಗೆದುಕೊಳ್ಳುತ್ತಾರೆ. ಮೊದಲ ದಿನದಿಂದ ಅವಳ ಜೀವವೆಲ್ಲ ಆ ಶನಿವಾರದ ಮೇಲೇ. ಮೂಲೆಯಲ್ಲೊಂದು ದೊಡ್ಡ ಪಂಪು ಇದೆ, ನಿಮ್ಮ ಉಪ್ಪುನೀರು ಶುದ್ಧ ಮಾಡುವ ಕಾರ್ಖಾನೆಯಲ್ಲಿ ಇರುವಂಥದ್ದೇ ಅಂತೆ. ಅದರ ಪಕ್ಕದ ಸ್ಟೂಲೇ ತನಗೆ ಬೇಕು, ಅಮ್ಮ ಅಲ್ಲಿ ಏನು ಮಾಡುತ್ತಾಳೋ ಅದನ್ನು ತಾನಿಲ್ಲಿ ಕಲಿಯಬೇಕು ಅಂತ ನನಗೆ ಹೇಳಿದಳು.

ಕೊನೆಯ ದಿನದ ಸಂಗತಿ ನಿನಗೆ ಅರ್ಧ ಮಾತ್ರ ಗೊತ್ತು. ನಿಮ್ಮ ಕಾರ್ಖಾನೆಯ ದೊಡ್ಡ ಪಂಪು ಕೆಟ್ಟು ನಿನ್ನ ರಜೆ ರದ್ದಾಯಿತು, ಸೇತುವೆ ನೋಡಲು ಬರಲಾಗುವುದಿಲ್ಲ ಅನ್ನುವ ಸಂದೇಶ ಹಿಂದಿನ ಸಂಜೆ ಬಂತಲ್ಲ, ಅದನ್ನು ಅವಳೇ ಓದಿದಳು. ಸರಿ ಅಂದಳು, ಹೋಗಿ ಹಲ್ಲುಜ್ಜಿಕೊಂಡು ಮಲಗಿದಳು. ಮರುದಿನ ವರ್ಕ್‌ಶಾಪಿನಲ್ಲಿ ನನ್ನ ಪಕ್ಕದ ಕುರ್ಚಿಗೆ ತನ್ನ ಬ್ಯಾಗು ಇಟ್ಟು ನಿನಗೆ ಅಂತ ಹಿಡಿದುಕೊಂಡಳು. ಯಾರಾದರೂ ಕೂರಲು ಬಂದರೆ ಬ್ಯಾಗನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಅವಳ ಸರದಿ ಬಂದಾಗ ಸೇತುವೆ ಇಟ್ಟಳು, ಬಕೆಟ್ಟು ತೂಗುಹಾಕಿದಳು, ಮಗ್ಗಿನ ತುಂಬ ಮರಳು ತೆಗೆದುಕೊಂಡಳು. ಆಮೇಲೆ ಮರಳನ್ನು ಮತ್ತೆ ಚೀಲಕ್ಕೇ ಸುರಿದುಬಿಟ್ಟಳು. "ನಾನಿದನ್ನ ಇವತ್ತು ಮುರಿಯಲ್ಲ ಮೇಡಂ. ನಮ್ಮಮ್ಮ ಇನ್ನೂ ನೋಡಿಲ್ಲ."

ಹಿಂದೆ ಯಾರೋ ನಕ್ಕರು. ಸೋಲುತ್ತೇನೆ ಅನ್ನುವ ಭಯಕ್ಕೆ ಹಟ ಮಾಡುತ್ತಿದ್ದಾಳೆ ಅಂತ ಮೊದಲು ನನಗೂ ಅನಿಸಿತು, ಎದ್ದು ಹೋಗಿ ಗದರಿಸೋಣ ಅಂತಲೂ ಇದ್ದೆ. ಅಷ್ಟರಲ್ಲಿ ಕನ್ನಡಕದಕ್ಕ ಅವಳ ಪಕ್ಕ ಮಂಡಿಯೂರಿ ಕೂತು, ಫೋಟೋ ತೆಗೆದು ಅಮ್ಮನಿಗೆ ಕಳಿಸೋಣ, ಆಮೇಲೆ ಮುರಿಯೋಣ ಅಂದಳು. ಫೋಟೋದಲ್ಲಿ ತೂಕ ಕಾಣಲ್ಲ ಅಂದಳು ನಿನ್ನ ಮಗಳು. ಅಳಲಿಲ್ಲ, ಜೋರು ಮಾಡಲಿಲ್ಲ. ಮೇಡಂ ಸಿಟ್ಟಾಗಲಿಲ್ಲ, ಆದರೆ ನಿಯಮವನ್ನೂ ಬಿಡಲಿಲ್ಲ. ಮುರಿದು ಕಾರಣ ಹೇಳದ ಮಗುವಿಗೆ ಶನಿವಾರದ ಜಾಗ ಕೊಡಲು ಬರುವುದಿಲ್ಲ, ಸ್ವಲ್ಪ ದಿನ ಒಂದು ಜಾಗ ಖಾಲಿ ಇಡುತ್ತೇನೆ, ಮನಸ್ಸಾದಾಗ ಸೇತುವೆ ತೆಗೆದುಕೊಂಡು ಬಾ ಅಂದರು. ನ್ಯಾಯವಾದ ಮಾತೇ. ಬರುವಾಗ ಬಸ್ಸಿನಲ್ಲಿ ಸೇತುವೆಗೂ ಸೀಟು ಕೇಳಿದಳು. ಕಂಡಕ್ಟರು ಪುಣ್ಯಾತ್ಮ, ಟಿಕೆಟ್ ಕೇಳಲಿಲ್ಲ.

ಈಗ ಅದು ನಿನ್ನ ಹೊಲಿಗೆ ಯಂತ್ರದ ಮೇಲೆ ಕೂತಿದೆ. ನಿಮ್ಮಮ್ಮ ಅದಕ್ಕೊಂದು ಹಳೆಯ ದುಪಟ್ಟಾ ಹೊದಿಸಿದ್ದಾರೆ, ದೂಳು ಕೂರಬಾರದಂತೆ. ಅಷ್ಟು ದಿನ ಇಡಬೇಕೆಂದರೆ ಅಂಟು ಸಡಿಲಾದೀತು, ಸಂದಿಗಳಿಗೆ ನಮ್ಮ ಹಲ್ಲು ಕೂರಿಸುವ ರಾಳ ಒಂದು ಕೈ ಹಚ್ಚಿಕೊಡಲೇ ಅಂತ ಕೇಳಿದೆ. ಪರೀಕ್ಷೆಯಲ್ಲಿ ನಕಲು ಹೊಡೆ ಅಂದ ಹಾಗೆ ನನ್ನನ್ನು ನೋಡಿದಳು. ಆಮೇಲೆ ಅದು ಯಾಕೆ ಮುರೀತು ಅಂತ ತಾನು ಸುಳ್ಳು ಹೇಳಬೇಕಾಗುತ್ತದಂತೆ. ಅಪ್ಪನ ಕಸುಬಿಗೆ ಮನೆಯಲ್ಲಿ ಇಷ್ಟೇ ಬೆಲೆ.

ನಿನ್ನ ಮೇಲೆ ದೂರು ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಅಲ್ಲಿ ಪಂಪು ನಿಂತರೆ ಊರಿಗೆ ಊರೇ ಬಾಯಾರುತ್ತದೆ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆ ಕುರ್ಚಿಯ ಪಕ್ಕ ಕೂತಿದ್ದಾಗ ನನಗೆ ಬಹಳ ಬೇಜಾರಾಯಿತು ಅನ್ನುವುದೂ ನಿಜ. ಮುಚ್ಚಿಟ್ಟರೆ ನಿನಗೆ ತಿಳಿಯದೇ ಇರುತ್ತದೆಯೇ? ಒಳ್ಳೆಯ ಚಪ್ಪಲಿ ಹಾಕಿಕೋ, ಒದ್ದೆ ನೆಲದಲ್ಲಿ ಹುಷಾರು. ನಿಮ್ಮಮ್ಮನ ಆಶೀರ್ವಾದ ನಿನ್ನ ಮೇಲೆ ಸದಾ ಇದೆ, ಅದರ ಜೊತೆಗೆ ಎಣ್ಣೆ ಹಚ್ಚಿ ತಲೆಸ್ನಾನ ಮಾಡು ಅನ್ನುವ ಅಪ್ಪಣೆಯೂ ಇದೆ. ಮೊಳೆಯ ಮುತ್ತುಗಳನ್ನು ಅವಳೇ ಫೋನಿನಲ್ಲಿ ಕೊಡುತ್ತಾಳೆ, ನನ್ನವನ್ನು ಈ ಕಾಗದದಲ್ಲೇ ಮಡಿಸಿಟ್ಟಿದ್ದೇನೆ.

ಸದಾ ನಿನ್ನ,
"ಏನ್ರೀ"

ಮರೆತಿದ್ದೆ: ಫಿಟ್ಟರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಗೀಚುತ್ತಿದ್ದೇನೆ. ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯ ತನಕ ತಳ್ಳಿಕೊಂಡು ಬಂದೆ. ಸೇತುವೆ ಶುರು ಮಾಡಿದ ದಿನ ನೀನು ಫೋನಿನಲ್ಲಿ ನಗುತ್ತಾ, "ನಾನು ಬರೋವರೆಗೂ ಮುರೀಬೇಡ ಕಣೇ, ಮಾತು ಕೊಡು" ಅಂದಿದ್ದೆ. ನಿನಗೆ ಅದು ತಮಾಷೆ, ನೆನಪೂ ಇರಲಾರದು. ಅವಳು ಮಾತು ಕೊಟ್ಟಿದ್ದಾಳೆ. ನಾನು ಹೇಳಿದರೂ ಮುರಿಯಲ್ಲ, ಅಜ್ಜಿ ಹೇಳಿದರೂ ಮುರಿಯಲ್ಲ, ನಿನಗೆ ಹೇಳಿದರೆ ಅಮ್ಮ ಅಲ್ಲಿ ಸಂಕಟಪಡುತ್ತಾಳೆ ಅಂತ ನನ್ನ ಬಾಯಿಗೂ ಬೀಗ ಹಾಕಿದ್ದಾಳೆ. ನಿನ್ನೆ ಕನ್ನಡಕದಕ್ಕ ಅಂಗಡಿಗೆ ಬಂದಿದ್ದಳು. ಜಾಗ ಈ ತಿಂಗಳ ಕೊನೆಯವರೆಗೆ ಮಾತ್ರ, ಆಮೇಲೆ ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಡುತ್ತಾರೆ. ಅಷ್ಟರೊಳಗೆ ಬರುವುದಾದರೆ ಯಾವ ದಿನ ಅಂತ ಮೊಳೆಗೆ ಹೇಳು. ಬರಲು ಆಗದಿದ್ದರೆ ಆಗುವುದಿಲ್ಲ ಅಂತಲೇ ಹೇಳು, ಮುರಿ ಮಗಳೇ ಅಂತ ನೀನೇ ನಿನ್ನ ಬಾಯಿಂದ ಹೇಳು. ಅತ್ತರೆ ಅಳಲಿ, ನಾನಿದ್ದೇನೆ. "ನೋಡೋಣ" ಅಂತ ಮಾತ್ರ ಹೇಳಬೇಡ. ನೋಡೋಣ ಅಂದರೆ ಅವಳು ಕಾಯುತ್ತಾಳೆ.