ನೀವು ಓದದೆ ಬಿಟ್ಟ ಸಾಲು

ರೀ ಎವಾರಿಸ್ತೊ,

ಕಣ್ಣಿನ ಪೊರೆ ತೆಗೆಸಲು ನಿಮ್ಮ ತಂಗಿ ನಿಕನೋರಾ ಜೊತೆ ತೆಗುಸಿಗಾಲ್ಪದ ಆಸ್ಪತ್ರೆಗೆ ಹೊರಟೆ. ಅಂದಾಜಿನಲ್ಲೇ ಬರೆದಿದ್ದೇನೆ, ಅಕ್ಷರ ಸೊಟ್ಟಗಿದ್ದೀತು. ಕಾಳು ಬೇಯಿಸಿಟ್ಟಿದ್ದೇನೆ, ತೋರ್ತಿಯಾ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದೆ. ಬಿಸಿ ಮಾಡಲು ಪ್ರಾರ್ಥನೆ ಸಾಲದು, ಒಲೆ ಹಚ್ಚಬೇಕು.

ಎರಡು ವರ್ಷದಿಂದ ನನಗೆ ದೇವರ ವಾಕ್ಯ ಓದಿ ಹೇಳಿದಿರಿ, ಉಪಕಾರವಾಯಿತು. ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕೆಂಬ ಸಾಲು ವಾರಕ್ಕೆರಡು ಸಲ ಬರುತ್ತಿತ್ತು. ನಿನ್ನೆ ನಿಕನೋರಾ ಅದೇ ಪುಟ ಓದಿದಳು. "ಅತ್ತಿಗೆ, ಕೆಳಗೇ ಇದೆ ಕೇಳಿ, ಗಂಡ ಹೆಂಡ್ತೀನ ತನ್ನ ಮೈಯಂತೆ ಪ್ರೀತಿಸ್ಬೇಕಂತೆ! ಅಣ್ಣ ಹೇಳಿಲ್ವಾ?" ಎಂದಳು.

ನಿತ್ಯಜೀವದ ಭರವಸೆ ನನಗಿದೆ, ಡಾಕ್ಟರರ ಕತ್ತಿಗೆ ಹೆದರುವುದಿಲ್ಲ. ಪರಲೋಕದಲ್ಲೂ ನಿಮ್ಮ ಜೊತೆಗೇ ಇರಬೇಕೆನ್ನುತ್ತೀರಲ್ಲ, ಅದಕ್ಕೆ ಮಾತ್ರ ಸ್ವಲ್ಪ ಹೆದರಿಕೆ.

ಇವತ್ತೇ ಪೊರೆ ತೆಗೆದು, ನಾಳೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಮೊದಲು ನಿಮ್ಮ ಮುಖವನ್ನೇ ನೋಡಬೇಕೆಂದಿದ್ದೇನೆ, ಗಡ್ಡ ಹೆರೆದುಕೊಂಡು ಬನ್ನಿ. ಆಮೇಲೆ ಓದುವವಳು ನಾನು.

ದೊಮಿತಿಲಾ