ಮಧ್ಯಾಹ್ನದ ಸದ್ದು

ಅಪ್ಪಾ,

ಇವತ್ತು ಅಮ್ಮನಿಗೆ ಟ್ಯಾಬ್ಲೆಟ್ ಕೊಡಿಸಿದೆ. ‘ಈ ವಯಸ್ಸಲ್ಲಿ ಅವಳಿಗ್ಯಾಕೆ’ ಎಂದು ನೀವು ತಳ್ಳಿಹಾಕಿದ್ದಿರಲ್ಲ, ಅದೇ. ಅಂಗಡಿಯವನು ಕ್ಯಾಮೆರಾ, ಮೆಮೊರಿ ಎಂದು ಪುರಾಣ ಶುರು ಮಾಡಿದ. ಅಮ್ಮ ಕೇಳಿದ್ದು ಒಂದೇ: “ಅದೆಲ್ಲ ಇರ್ಲಪ್ಪ, ಸೌಂಡ್ ಎಷ್ಟು ಜೋರಾಗಿ ಬರತ್ತೆ?” ಎಲ್ಲಕ್ಕಿಂತ ಅಗ್ಗದ್ದೇ ಎಲ್ಲಕ್ಕಿಂತ ಜೋರಾಗಿ ಕಿರುಚಿತು. ಅದನ್ನೇ ತಂದೆವು.

ನಿಮ್ಮ ರಾತ್ರಿ ಪಾಳಿಗಾಗಿ ಮೂವತ್ತು ವರ್ಷ ಹಗಲೆಲ್ಲ ಪಿಸುಗುಟ್ಟಿಕೊಂಡೇ ಬದುಕಿದೆವು. ಒಂದು ಚಮಚ ಬಿದ್ದರೂ ಗದರುತ್ತಿದ್ದಿರಿ. ನೀವು ಹೋಗಿ ವರ್ಷವಾಯಿತು, ಇನ್ನು ಸಾಕು. ಮಧ್ಯಾಹ್ನ ಎರಡಕ್ಕೆ ಅಮ್ಮ ಹಾಡು ಹಾಕಿ ಸೌಂಡ್ ಪೂರ್ತಿ ಏರಿಸಿದಳು. ಆಮೇಲೆ ಎದ್ದು ಹೋಗಿ, ನಿಮ್ಮ ಖಾಲಿ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಬಂದಳು.

ನಾನು ಅದನ್ನು ಪೂರ್ತಿ ತೆರೆದಿಟ್ಟೆ. ಏಳಿ ಅಪ್ಪಾ, ಬಂದು ಗದರಿ ನೋಡೋಣ.